ಎರಡೂ ಕೈ ಮೇಲೆ

ಮಾರ್ಚ್ 3, ಸೋಮವಾರ

ವ್ಯಾನ್ ನಿಂತುಹೋಯಿತು. ಹದಿನೇಳು ವರ್ಷ ನಮ್ಮನ್ನು ಬೆಳಿಗ್ಗೆ ತುಂಬಿಕೊಂಡು ಹೋಗಿ ಸಂಜೆ ಸುರಿದುಹೋಗುತ್ತಿದ್ದ ವ್ಯಾನ್ ಒಂದು ಚೀಟಿಗೆ ನಿಂತುಹೋಯಿತು. ‘ಒಂದನೇ ತಾರೀಖಿನಿಂದ ಸಿಬ್ಬಂದಿ ತಮ್ಮ ಸ್ವಂತ ವ್ಯವಸ್ಥೆಯಲ್ಲಿ ಬರತಕ್ಕದ್ದು.’ ಚೀಟಿ ಅಂಟಿಸಿದ್ದೆಲ್ಲಿ? ಹೆಂಗಸರ ಕಕ್ಕಸಿನ ಬಾಗಿಲಿಗೆ. ಬರೆಸಿದ ಗುತ್ತಿಗೆದಾರ ಕಾರಿನಲ್ಲಿ ಬರುತ್ತಾನೆ. ‘ಬರತಕ್ಕದ್ದು’ ಎಂಬ ಮಾತು ಕಾರಿನಲ್ಲಿ ಬರುವವನ ಬಾಯಿಗೇ ಅಷ್ಟು ಸಲೀಸು.

ಆಸ್ಪತ್ರೆಯ ಲಾಂಡ್ರಿಯ ಗೇಟು ಮುಚ್ಚುವುದು ಏಳಕ್ಕೆ. ನಮ್ಮ ಕಡೆಯಿಂದ ಮೊದಲ ಬಸ್ಸು ಅಲ್ಲಿ ಮುಟ್ಟುವುದು ಏಳೂ ಇಪ್ಪತ್ತಕ್ಕೆ. ಶನಿವಾರ ನಡೆದು ಹೋದೆ, ಒಂಬತ್ತು ನಿಮಿಷ ತಡ. ಇವತ್ತು ಅರ್ಧ ದಾರಿ ಓಡಿದೆ, ನಾಲ್ಕು ನಿಮಿಷ ತಡ. ಗೇಟಿನಲ್ಲಿ ಸೂಪರ್‌ವೈಸರ್ ರಿಜಿಸ್ಟರ್ ಹಿಡಿದು ನಿಂತಿರುತ್ತಾನೆ. ಅವನನ್ನು ನಾವು ಕೆಂಪುಪೆನ್ನು ಅಂತಲೇ ಕರೆಯುವುದು. ನನ್ನ ಹೆಸರಿನ ಮುಂದೆ ಎರಡು ಕೆಂಪು ಗೀಟು ಬಿದ್ದವು. ಮೂರನೆಯದು ಬಿದ್ದರೆ ಕೆಲಸದ ಕಾರ್ಡ್ ವಾಪಸ್, ಮನೆಗೆ. ನನ್ನ ಗಂಡ ಕೊಳಾಯಿ ರಿಪೇರಿಯವನು. ಅವನ ಕೆಲಸ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನನ್ನ ಕಾರ್ಡ್ ಹೋದರೆ ಒಲೆ ಆರುತ್ತದೆ. ಇಷ್ಟೇ ವಿಷಯ.

ನಾಳೆಯಿಂದ ಗಂಡನ ಸೈಕಲ್. ಹತ್ತೊಂಬತ್ತು ವಯಸ್ಸಿನಲ್ಲಿ ಬಿಟ್ಟ ಸೈಕಲ್ಲನ್ನು ನಲವತ್ತಮೂರರಲ್ಲಿ ಹತ್ತಬೇಕು.

“ನೀನು ಸೈಕಲ್ ಮೇಲೆ, ಕಾರುಗಳು ರಸ್ತೆ ಮೇಲೆ, ನನ್ನ ಪ್ರಾಣ ಅಟ್ಟದ ಮೇಲೆ,” ಅಂದ ಗಂಡ. ನಗಿಸಲು ಹೇಳಿದ್ದು. ಹೇಳುತ್ತಲೇ ಚೈನಿಗೆ ಎರಡೆರಡು ಸಲ ಎಣ್ಣೆ ಬಿಟ್ಟ.

ಈ ಹಾಳು ಹೆದರಿಕೆಯನ್ನು ಇಲ್ಲಿ ಮಾತ್ರ ಬರೆಯುತ್ತೇನೆ. ಮನೆಯಲ್ಲಿ ಹೇಳಿದರೆ ಅವನು ಸೈಕಲ್ಲಿಗೆ ಬೀಗ ಜಡಿಯುತ್ತಾನೆ. ಲಾಂಡ್ರಿಯಲ್ಲಿ ಹೇಳಿದರೆ ರೇಡಿಯೋ ಇದ್ದಾಳೆ. ಅವಳ ಬಾಯಿಗೆ ಬಿದ್ದದ್ದು ಹತ್ತು ನಿಮಿಷದಲ್ಲಿ ಇಡೀ ಆಸ್ಪತ್ರೆಗೆ ಪ್ರಸಾರ.

ಮಾರ್ಚ್ 4, ಮಂಗಳವಾರ

ಹೋದೆ. 6.56ಕ್ಕೆ ಗೇಟು ಮುಟ್ಟಿದೆ. ಹೇಗೆ ಹೋದೆ ಅಂತ ಕೇಳಿದರೆ ಹೇಳಲಾರೆ.

ನಮ್ಮ ಓಣಿ ದಾಟುವವರೆಗೆ ಪರವಾಗಿಲ್ಲ, ನಾಯಿಗಳೂ ಗುರುತಿನವು. ಹೆದ್ದಾರಿಗೆ ತಿರುಗಿದೆ ನೋಡು, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಕಾರು ಹತ್ತಿರ ಬಂದಾಗ ಮೊದಲು ಸದ್ದು ಬರುವುದಿಲ್ಲ, ಗಾಳಿ ಬರುತ್ತದೆ. ಬೆನ್ನ ಮೇಲೆ ಯಾರೋ ಉಸಿರು ಬಿಟ್ಟ ಹಾಗೆ. ಆಮೇಲೆ ತೋಳಿನ ಪಕ್ಕ ಅದರ ಕನ್ನಡಿ. ಆಮೇಲೆ ಅದರ ಮೈ, ಉದ್ದಕ್ಕೆ, ಮುಗಿಯುವುದೇ ಇಲ್ಲ. ಒಂದರ ಹಿಂದೆ ಇನ್ನೊಂದು. ನಾನು ಅಂಚಿಗೆ, ಇನ್ನೂ ಅಂಚಿಗೆ, ಗಾಜಿನ ಚೂರು ಮತ್ತು ಚರಂಡಿ ಮುಚ್ಚಳದ ಮೇಲೆ. ಕಾರಿನವರಿಗೆ ಬೇಡವಾದದ್ದನ್ನೆಲ್ಲ ರಸ್ತೆ ಅಂಚಿಗೆ ಗುಡಿಸಿರುತ್ತದೆ. ನನ್ನನ್ನೂ ಗುಡಿಸಿತು.

ಐದು ರಸ್ತೆ ಕೂಡುವ ದೊಡ್ಡ ಸರ್ಕಲ್ಲಿನಲ್ಲಿ ಇಳಿದುಬಿಟ್ಟೆ. ಅಲ್ಲಿ ಯಾರೂ ಯಾರಿಗೂ ನಿಲ್ಲುವುದಿಲ್ಲ. ಸೈಕಲ್ ತಳ್ಳಿಕೊಂಡು, ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ದಾಟಲು ಹನ್ನೊಂದು ನಿಮಿಷ ಹಿಡಿಯಿತು. ಒಂದು ಬೂದು ಬಣ್ಣದ ಕಾರು ಮೂಗಿನ ಮುಂದೆಯೇ ಹೋಯಿತು. ಒಳಗೆ ಕೆಂಪುಪೆನ್ನು. ನನ್ನನ್ನು ನೋಡಿದ. ನೋಡಿಯೂ ನೋಡದ ಹಾಗೆ ಹೋದ. ಆಮೇಲೆ ಗೇಟಿನಲ್ಲಿ ಗಡಿಯಾರ ನೋಡಿ, “ಪರವಾಗಿಲ್ಲಮ್ಮ, ಮನಸ್ಸು ಮಾಡಿದ್ರೆ ಬರ್ಬೋದು,” ಅಂದ. ಮನಸ್ಸು!

ಲಾಂಡ್ರಿಯೊಳಗೆ ಹೋದೆ. ದೊಡ್ಡತ್ತೆಯ ಮುಂದೆ ಹೋಗಿ ನಿಂತೆ. ದೊಡ್ಡತ್ತೆ ಅಂದರೆ ನಮ್ಮ ಇಸ್ತ್ರಿ ಯಂತ್ರ. ಎರಡಾಳು ಉದ್ದದ ಬಿಸಿ ರೋಲರು. ಈ ಕಡೆಯಿಂದ ಇಬ್ಬರು ಒದ್ದೆ ಬೆಡ್‌ಶೀಟಿನ ಅಂಚನ್ನು ಬಾಯಿಗೆ ಕೊಡಬೇಕು, ಆ ಕಡೆಯಿಂದ ಇಬ್ಬರು ಹಿಡಿದು ಮಡಿಚಬೇಕು. ಹಿಡಿದದ್ದನ್ನು ಬಿಡುವ ಜಾತಿ ಅಲ್ಲ ಅಂತಲೇ ಆ ಹೆಸರು. ನಾನು ಮತ್ತು ಗುಬ್ಬಿ ಈ ಕಡೆ. ಗುಬ್ಬಿ ಕುಳ್ಳಗೆ, ಮೂವತ್ತು ದಾಟಿದರೂ ಹುಡುಗಿಯ ಹಾಗೆ. ಆ ಕಡೆ ರೇಡಿಯೋ ಮತ್ತು ಮೂರ್ಬೆರಳಮ್ಮ.

ಮೂರ್ಬೆರಳಮ್ಮನ ಎಡಗೈಯ ಎರಡು ಬೆರಳು ದೊಡ್ಡತ್ತೆಗೆ ಹೋದವು. ಬಟ್ಟೆ ಮುದ್ದೆಯಾಗಿ ಸಿಕ್ಕಿಕೊಂಡರೆ ಯಂತ್ರ ತಾನೇ ‘ಭೋಂ’ ಅಂತ ಕೂಗುತ್ತದೆ, ತಾನೇ ನಿಲ್ಲುತ್ತದೆ. ಆದರೆ ನಿಲ್ಲುವ ಮೊದಲು ಇನ್ನೊಂದು ಸುತ್ತು ತಿರುಗುತ್ತದೆ. ಆ ಒಂದು ಸುತ್ತಿನಲ್ಲಿ ಅವಳು ಶೀಟನ್ನು ಹಿಂದಕ್ಕೆ ಎಳೆದಳು. ಶೀಟು ಬರಲಿಲ್ಲ, ಬೆರಳು ಹೋದವು. ಅವತ್ತಿನಿಂದ ಕಾನೂನು: ‘ಭೋಂ’ ಅಂದರೆ ಎಲ್ಲ ಬಿಟ್ಟು ಎರಡೂ ಕೈ ತಲೆಯ ಮೇಲೆ. ಮೂರ್ಬೆರಳಮ್ಮ ಕೈ ಎಣಿಸುತ್ತಾಳೆ. ಎಂಟು ಅಂದ ಮೇಲೇ ಯಂತ್ರ ಮತ್ತೆ ಶುರು. ಏಳಕ್ಕೆ ಶುರುವಿಲ್ಲ. ಇದು ಆಡಳಿತ ಬರೆದ ಕಾನೂನಲ್ಲ, ನಾವು ಮಾಡಿಕೊಂಡದ್ದು. ಅದಕ್ಕೇ ಇದುವರೆಗೆ ಮುರಿದಿಲ್ಲ.

“ಏನಕ್ಕಾ, ಮುಖ ಒಗೆದ ಶೀಟಿನ ಥರ ಆಗಿದೆ?” ಅಂದಳು ರೇಡಿಯೋ.

“ಬಿಸಿಲು,” ಅಂದೆ. ಬೆಳಗಿನ ಏಳು ಗಂಟೆಯ ಬಿಸಿಲು!

ಮಾರ್ಚ್ 6, ಗುರುವಾರ

ಹೋದೆ. ಬಂದೆ. ಇದ್ದೀನಿ.

ಮಾರ್ಚ್ 8, ಶನಿವಾರ

ಮೊಣಕೈ ಸುಲಿದಿದೆ, ಮಂಡಿ ಊದಿದೆ. ಗಂಡನಿಗೆ ಜಲ್ಲಿ ಮೇಲೆ ಜಾರಿದೆ ಅಂದೆ. ನಿಜವಾಗಿ ಯಾಕೆ ಬಿದ್ದೆ ಅಂತ ನನಗೂ ಮಧ್ಯಾಹ್ನದವರೆಗೆ ಗೊತ್ತಾಗಲಿಲ್ಲ.

ಸರ್ಕಲ್ಲಿಗೆ ಸ್ವಲ್ಪ ಮೊದಲು. ಹಿಂದಿನಿಂದ ಒಂದು ದೊಡ್ಡ ಗಾಡಿ. ಕಾರಿನ ಪೀಂ ಪೀಂ ಇಷ್ಟು ದಿನದಲ್ಲಿ ಕಿವಿಗೆ ಒಗ್ಗಿತ್ತು. ಇದು ಹಾಗಲ್ಲ. ಹೊಟ್ಟೆಯೊಳಗಿಂದ ಬಂದ ಹಾಗೆ: ಭೋಂ.

ನನ್ನ ಎರಡೂ ಕೈ ಮೇಲೆ ಹೋದವು.

ಓಡುವ ಸೈಕಲ್ ಮೇಲೆ ಕೂತು ಎರಡೂ ಕೈ ತಲೆಯ ಮೇಲೆ ಎತ್ತಿದೆ! ಹ್ಯಾಂಡಲ್ ತನ್ನ ಪಾಡಿಗೆ ತಿರುಗಿತು. ಆಕಾಶ ಕಂಡಿತು, ಟಾರು ಕಂಡಿತು, ಆಮೇಲೆ ಒಂದು ಬಿಳಿ ಕಾರಿನ ಬಂಪರ್ ಕಂಡಿತು, ಮೂಗಿನಿಂದ ಒಂದು ಗೇಣು ದೂರ. ಅದಕ್ಕೆ ಅಂಟಿದ ಸತ್ತ ನೊಣಗಳನ್ನೂ ಎಣಿಸಬಹುದಿತ್ತು.

ಕಾರಿನವನು ಕಿಟಕಿ ಇಳಿಸಿದ. “ಸಾಯೋಕೆ ನನ್ನ ಕಾರೇ ಬೇಕಿತ್ತಾ? ಕೈ ಎತ್ತಿ ಸರ್ಕಸ್ ಬೇರೆ!”

ತಿರುಗಿ ಒಂದು ಮಾತು ಆಡಬೇಕಿತ್ತು. ಹಿಂದೆ ಕೈಗವಸು ಕೇಳಿ ಗೇಟಿನ ಮುಂದೆ ಕೂತಿದ್ದಾಗ ಘೋಷಣೆ ಕೂಗಿ ಗಂಟಲು ಹರಿದುಕೊಂಡವಳು ನಾನು. ಆದರೆ ಅವತ್ತು ಸುತ್ತ ನೂರು ಜನ. ಇವತ್ತು ರಸ್ತೆ ಮೇಲೆ ಒಬ್ಬಳೇ, ಅಂಗಾತ. “ತಪ್ಪಾಯ್ತು ಸ್ವಾಮಿ,” ಅಂದೆ. ಅಂದೆನಲ್ಲ, ಥೂ.

6.59. ಕೆಂಪುಪೆನ್ನಿನ ಮುಚ್ಚಳ ತೆಗೆದಾಗಿತ್ತು. ಮತ್ತೆ ಹಾಕಿದ.

ಮಧ್ಯಾಹ್ನ ಚಹಾ ಕುಡಿಯುವಾಗ ಮೂರ್ಬೆರಳಮ್ಮನಿಗೆ ಮಾತ್ರ ಹೇಳಿದೆ. ಅವಳು ಮೊದಲು ನಕ್ಕಳು. ನಕ್ಕು ನಕ್ಕು ಕೆಮ್ಮಿದಳು. ಆಮೇಲೆ ಲೋಟ ಕೆಳಗಿಟ್ಟಳು.

“ನಾನು ಕಲಿಸಿದ ಪಾಠ ಕಣೇ ಅದು. ಹದಿನೇಳು ವರ್ಷದ ಪಾಠ. ಮಂಡೆಗೆ ಗೊತ್ತಾಗೋ ಮೊದ್ಲೇ ಕೈಗೆ ಗೊತ್ತಾಗ್ಲಿ ಅಂತ ಕಲಿಸಿದ್ದು. ಅದೇ ನಿನ್ನ ನುಂಗೋಕೆ ಬಂತಲ್ಲೇ.”

ಇಲ್ಲಿ ಬಿಟ್ಟರೆ ಬದುಕು. ಅಲ್ಲಿ ಹಿಡಿದರೆ ಬದುಕು. ಸದ್ದು ಮಾತ್ರ ಎರಡೂ ಕಡೆ ಒಂದೇ. ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಗಾದರೂ ಯಾವ ಕಡೆಯಿಂದ ಕತ್ತರಿಸುತ್ತಾರೆ ಅಂತ ಗೊತ್ತಿರುತ್ತದೆ.

ಮಾರ್ಚ್ 9, ಭಾನುವಾರ

ಗಂಡನಿಗೆ ನಿಜ ಹೇಳಿದೆ, ಬೇರೆ ದಾರಿ ಇರಲಿಲ್ಲ. ಬೀಗ ಜಡಿಯುತ್ತಾನೆ ಅಂದುಕೊಂಡೆ. ಅವನು ಒಳಗೆ ಹೋಗಿ ಒಂದು ಮಾರು ಉದ್ದದ ಪ್ಲಾಸ್ಟಿಕ್ ಪೈಪು ತಂದ. ಒಂದು ತುದಿಗೆ ಬಾಯಿಟ್ಟು ಊದಿದ. ಭೋಂ! ಹೂಬೇಹೂಬು. ಪಕ್ಕದ ಮನೆಯ ಮಗು ಎದ್ದು ಅತ್ತಿತು.

ಖಾಲಿ ಮೈದಾನದಲ್ಲಿ ನಾನು ಮುಂದೆ ಸೈಕಲ್ ಮೇಲೆ, ಅವನು ಹಿಂದೆ ಪೈಪು ಹಿಡಿದು ಓಡುತ್ತ. ಊದುತ್ತಾನೆ, ಕೈ ಏಳುತ್ತವೆ, ಬೀಳುತ್ತೇನೆ. ಊದುತ್ತಾನೆ, ಏಳುತ್ತವೆ, ಬೀಳುತ್ತೇನೆ. ನಡೆದು ಹೋಗುವವರು ನಿಂತು ನೋಡಿದರು. ಒಬ್ಬ ಮುದುಕ, “ಏನಪ್ಪಾ, ಹೆಂಡ್ತೀನ ಹಾವು ಅಂದ್ಕೊಂಡ್ಯಾ?” ಅಂದ. “ಹಾವಾಗಿದ್ರೆ ಇಷ್ಟು ಹೊತ್ತಿಗೆ ಆಡ್ತಿತ್ತು ಅಜ್ಜ,” ಅಂದ ಗಂಡ. ಕೊನೆಗೆ ಹಗ್ಗದಲ್ಲಿ ಮಣಿಕಟ್ಟು ಹ್ಯಾಂಡಲ್ಲಿಗೆ ಕಟ್ಟಿದ. ಆಮೇಲೆ ಹಗ್ಗ ಬಿಚ್ಚಿದ. ನಲವತ್ತನೆಯ ಸಲಕ್ಕೆ ಭೋಂ ಅಂದಾಗ ಕೈ ಹ್ಯಾಂಡಲ್ಲನ್ನು ಇನ್ನೂ ಬಿಗಿಯಾಗಿ ಹಿಡಿಯಿತು. ಸಂಜೆಯವರೆಗೆ ಹಿಡಿಯಿತು.

ಅವನ ತುಟಿ ಊದಿಕೊಂಡಿದೆ. “ಇನ್ನು ನೀನು ಬದುಕಿದೆ,” ಅಂದ.

ಮಾರ್ಚ್ 10, ಸೋಮವಾರ

ಬಲಗೈಯ ಮೂರು ಬೆರಳ ತುದಿ ಸುಟ್ಟಿದೆ. ಪೆನ್ನು ಹಿಡಿಯಲು ಆಗುತ್ತಿಲ್ಲ. ಆದರೂ ಬರೆಯಬೇಕು.

ರಸ್ತೆಯಲ್ಲಿ ಭೋಂ ಅಂದಾಗ ಕೈ ಏಳಲಿಲ್ಲ. ಗೆದ್ದೆ ಅಂದುಕೊಂಡೆ. ಹತ್ತು ಗಂಟೆಗೆ ದೊಡ್ಡತ್ತೆಯ ಬಾಯಲ್ಲಿ ಶೀಟು ಮುದ್ದೆಯಾಯಿತು. ಭೋಂ. ಎಲ್ಲರ ಕೈ ಮೇಲೆ. ನನ್ನ ಕೈ ಶೀಟನ್ನು ಹಿಡಿದವು. ಬಿಗಿಯಾಗಿ. ನಿನ್ನೆ ಕಲಿತ ಹಾಗೆ.

“ಆರು!” ಅಂತ ಮೂರ್ಬೆರಳಮ್ಮ ಚೀರಿದ್ದು ಕೇಳಿಸಿತು. ನನ್ನ ಕೈ ನನ್ನ ಮಾತು ಕೇಳಲಿಲ್ಲ. ಶೀಟು ಹೋಗುತ್ತಿದೆ, ಶೀಟಿನ ಜೊತೆ ಕೈ ಹೋಗುತ್ತಿದೆ, ನಾನು ನೋಡುತ್ತಿದ್ದೇನೆ, ಯಾರದೋ ಕೈ ನೋಡಿದ ಹಾಗೆ. ಬಿಸಿ ತಗುಲಿತು. ಅಷ್ಟರಲ್ಲಿ ಮಣಿಕಟ್ಟಿನಲ್ಲಿ ಪ್ರಾಣ ಹೋಗುವ ನೋವು, ಬೆರಳು ಬಿಟ್ಟುಕೊಂಡವು.

ಗುಬ್ಬಿ ಕಚ್ಚಿದ್ದಳು. ಅವಳ ಎರಡೂ ಕೈ ತಲೆಯ ಮೇಲೇ ಇದ್ದವು. ಕಾನೂನು ಕಾನೂನೇ. ಅದಕ್ಕೇ ಬಾಯಿ ಹಾಕಿದಳು.

ಮೂರ್ಬೆರಳಮ್ಮ ಆ ಕಡೆಯಿಂದ ಸುತ್ತಿ ಬಂದು ನನ್ನ ಕೆನ್ನೆಗೆ ಬಾರಿಸಿದಳು. “ನಿಂಗೂ ಮೂರು ಸಾಕಾ? ಸಾಕಾ ಹೇಳು!” ಅಂದು ತನ್ನ ಕೈಯನ್ನು ನನ್ನ ಕಣ್ಣ ಮುಂದೆ ಹಿಡಿದಳು. ಆಮೇಲೆ ಅದೇ ಕೈಯಲ್ಲಿ ನನ್ನ ಬೆರಳುಗಳನ್ನು ನಲ್ಲಿಯ ಕೆಳಗೆ ಹಿಡಿದು ಕೂತಳು, ಬಹಳ ಹೊತ್ತು.

ಮನೆಯಲ್ಲಿ ಗಂಡ ಹಲ್ಲಿನ ಗುರುತು ನೋಡಿದ. “ಯಾರೇ ಕಚ್ಚಿದ್ದು?”

“ಗುಬ್ಬಿ.”

“ಗುಬ್ಬಿಗೆ ಹಲ್ಲೂ ಇರುತ್ತಾ?” ಅಂದ. ನಗಲು ಹೋಗಿ ಇಬ್ಬರಿಗೂ ಆಗಲಿಲ್ಲ. ಪೈಪನ್ನು ಎತ್ತಿ ಅಟ್ಟಕ್ಕೆ ಎಸೆದ.

ಹೆದರಿಕೆ ಈಗ ಎರಡು ಕಡೆ. ಹೋಗುವ ದಾರಿಯಲ್ಲೂ, ಮುಟ್ಟಿದ ಜಾಗದಲ್ಲೂ. ಎರಡರ ನಡುವೆ ಇರುವ ಗೇಟಿನಲ್ಲಿ ಕೆಂಪುಪೆನ್ನು. ಈ ಕೈಗಳಿಂದ ಎಷ್ಟು ಶೀಟು ದಾಟಿವೆ, ಎಷ್ಟು ರೋಗಿಗಳು ಅದರ ಮೇಲೆ ಮಲಗಿ ಎದ್ದು ಹೋಗಿದ್ದಾರೆ. ಈ ಕೈ ಬಂದು ಮುಟ್ಟಲು ಒಂದು ವ್ಯಾನ್ ಇಲ್ಲ. ಈ ಕೈ ಹೋಗಲು ಒಂದು ಮಾರು ರಸ್ತೆ ಇಲ್ಲ. ಬೈಯೋಣ ಅಂದರೆ ಯಾರನ್ನು ಬೈಯಲಿ? ಚೀಟಿಯನ್ನೇ?

ಮಾರ್ಚ್ 11, ಮಂಗಳವಾರ

ಗಂಡನ ಮಾತು: “ಕೈಗೆ ಹೇಳೋಕಾಗಲ್ಲ ಅಂದ್ರೆ ಕಾಲಿಗೆ ಹೇಳು.”

ಸೀಟನ್ನು ತಳ ಮುಟ್ಟುವವರೆಗೆ ಇಳಿಸಿದ. ಈಗ ಕೂತರೆ ಎರಡೂ ಪಾದ ಪೂರ್ತಿ ನೆಲಕ್ಕೆ. ತುಳಿಯುವಾಗ ಮಂಡಿ ಎದೆಗೆ ಬಡಿಯುತ್ತದೆ, ನೋಡಿದವರಿಗೆ ಕಪ್ಪೆ. ಕಪ್ಪೆಯಾದರೆ ಆಗಲಿ. ಕೈಗೆ ಮತ್ತೆ ಹಳೆಯ ಪಾಠವೇ ಇರಲಿ, ಭೋಂ ಅಂದರೆ ಏಳಲಿ, ಕಾಲು ಮಾತ್ರ ಇಳಿಯಬೇಕು, ಅಷ್ಟೇ. ಹಾಗಾಗಬೇಕಾದರೆ ಮೆಲ್ಲಗೆ ಹೋಗಬೇಕು. ಮೆಲ್ಲಗೆ ಹೋಗಬೇಕಾದರೆ ಐದೂವರೆಗೇ ಹೊರಡಬೇಕು.

ಇನ್ನೊಂದು ತೊಡಕು. ಅಂಚಿನಲ್ಲಿ ಕಾಲು ಊರಲು ಜಾಗವಿಲ್ಲ. ಒಂದು ಕಡೆ ಚರಂಡಿ, ಒಂದು ಕಡೆ ನಿಂತ ಕಾರಿನ ಬಾಗಿಲು. ಇನ್ನು ರಸ್ತೆಯ ನಡುವೆಯೇ ಹೋಗಬೇಕು.

ಮಾರ್ಚ್ 13, ಗುರುವಾರ

ನಾಚಿಕೆಯ ಕೆಲಸವಾಯಿತು.

ಸರ್ಕಲ್ಲಿನ ಒಳಗೇ ಇದ್ದೆ. ಇಳಿದು ತಳ್ಳಲು ಮರೆತೆ, ಯಾಕೆ ಮರೆತೆನೋ. ಹಿಂದಿನಿಂದ ಭೋಂ. ಕೈ ಮೇಲೆ, ಕಾಲು ಕೆಳಗೆ, ಕಣ್ಣು ಮುಚ್ಚಿದೆ. ಇನ್ನು ಮುಗಿಯಿತು ಅಂತ ಕಾದೆ. ಏನೂ ಆಗಲಿಲ್ಲ. ಕಣ್ಣು ಬಿಟ್ಟರೆ ಸುತ್ತ ಎಲ್ಲ ನಿಂತಿದೆ. ಹಿಂದಿನ ಹಾಲಿನ ಟ್ಯಾಂಕರು ನಿಂತಿದೆ, ಪಕ್ಕದ ಕಾರುಗಳು ನಿಂತಿವೆ, ಎದುರು ರಸ್ತೆಯವೂ ನಿಂತಿವೆ. ಎಲ್ಲರೂ ನನ್ನ ಕೈ ನೋಡುತ್ತಿದ್ದಾರೆ. ಅಷ್ಟು ದೊಡ್ಡ ಸರ್ಕಲ್ಲಿನಲ್ಲಿ ಒಂದು ಕಾಗೆ ಕೂಗಿದ್ದು ಕೇಳಿಸಿತು.

ಯಾರೋ “ಏನಮ್ಮಾ, ನಿನ್ನಪ್ಪನ ರಸ್ತೆನಾ?” ಅಂದರು.

“ನಿಮ್ಮಪ್ಪಂದೂ ಅಲ್ಲ,” ಅಂದುಬಿಟ್ಟೆ. ಬಾಯಿಂದ ಹೇಗೆ ಬಂತೋ. ತಕ್ಷಣ ಹೆದರಿ ತುಳಿದೆ, ತಿರುಗಿ ನೋಡಲಿಲ್ಲ. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಇಂಥ ಪುಕ್ಕಲಿ ರಸ್ತೆಗೆ ಇಳಿಯಲೇಬಾರದು.

6.48ಕ್ಕೆ ಮುಟ್ಟಿದೆ.

ಮಾರ್ಚ್ 17, ಸೋಮವಾರ

ರೇಡಿಯೋಗೆ ಎರಡು ಗೀಟು. ಗುಬ್ಬಿಗೆ ಎರಡು. ಮೂರ್ಬೆರಳಮ್ಮನಿಗೂ ಶನಿವಾರ ಎರಡನೆಯದು ಬಿತ್ತು. ತರಕಾರಿ ಗಾಡಿಯವನು ದಿನಾ ಹತ್ತಿಸಿಕೊಂಡು ಬರುತ್ತಿದ್ದ, ಅವತ್ತು ಬರಲಿಲ್ಲ.

ಇವತ್ತು ಬೆಳಿಗ್ಗೆ ಹೆದ್ದಾರಿಯ ಬಾಯಲ್ಲಿ ಮೂವರೂ ಸೈಕಲ್ ಹಿಡಿದು ನಿಂತಿದ್ದಾರೆ.

“ನಡಿ ಮುಂದೆ,” ಅಂದಳು ಮೂರ್ಬೆರಳಮ್ಮ.

“ನಾನಾ? ನನಗೇ ಜೀವ ಬಾಯಿಗೆ ಬಂದಿರುತ್ತೆ. ನೀನು ಹಿರೀಳು, ನೀನು ನಡಿ.”

“ನನ್ನ ಎಡಗೈಗೆ ಬ್ರೇಕ್ ಸಿಗಲ್ಲ ಕಣೇ, ನಾನು ಹಿಂದೆ. ದಾರಿ ಗೊತ್ತಿರೋಳು ನೀನು.”

“ಅಕ್ಕಾ, ನೀವು ಬಿದ್ರೆ ನಿಮ್ಮ ಮೇಲೆ ನಾವು ಬೀಳ್ತೀವಿ, ಮೆತ್ತಗಿರುತ್ತೆ,” ಅಂದಳು ರೇಡಿಯೋ.

ಗುಬ್ಬಿಯದು ಅವಳ ಭಾವನ ಸೈಕಲ್. ಎತ್ತರ. ಕೂತರೆ ಕಾಲ ತುದಿ ಮಾತ್ರ ನೆಲಕ್ಕೆ ತಾಗುತ್ತದೆ. ಸೀಟು ಇಳಿಸಿಕೋ ಅಂದೆ. “ಭಾವ ಬಯ್ತಾರೆ ಅಕ್ಕಾ,” ಅಂದಳು. ಬೈದರೆ ಬೈಸಿಕೋ ಅನ್ನಬೇಕಿತ್ತು. ಅನ್ನಲಿಲ್ಲ.

ಭೋಂ ಅಂದರೆ ಏನು ಮಾಡಬೇಕು ಅಂತ ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ನಾಲ್ವರ ಕೈಗೂ ಒಂದೇ ಪಾಠ. ಕಾಲಿನ ಪಾಠ ಮಾತ್ರ ನಾನು ಹೇಳಿದೆ.

ಗೇಟಿನಲ್ಲಿ ಕೆಂಪುಪೆನ್ನು, “ಏನ್ರಮ್ಮಾ, ಮೆರವಣಿಗೆನಾ?” ಅಂದ.

“ಹೌದು ಸಾರ್, ವ್ಯಾನಿನ ಶವಯಾತ್ರೆ,” ಅಂದೆ. ಅಂದವಳೇ ಸರಸರ ಒಳಗೆ ನಡೆದೆ.

ಮಾರ್ಚ್ 20, ಗುರುವಾರ

ಮೂರು ದಿನ ಸುಸೂತ್ರ. ನನಗೆ ನಂಬಿಕೆ ಇಲ್ಲ.

ಹೆದರಿಕೆ ಕಡಿಮೆಯಾಗಿಲ್ಲ, ಜಾಗ ಬದಲಾಯಿಸಿದೆ. ಮೊದಲು ಬೆನ್ನಿನಲ್ಲಿತ್ತು, ಈಗ ಕಿವಿಯಲ್ಲಿ. ನನ್ನ ಹಿಂದೆ ಮೂರು ಚೈನುಗಳ ಸದ್ದು ಬರುತ್ತಿರಬೇಕು. ರೇಡಿಯೋದು ಕಿರ್ ಕಿರ್, ಗುಬ್ಬಿಯದು ಟಕ್ ಟಕ್, ಮೂರ್ಬೆರಳಮ್ಮನದು ಸದ್ದೇ ಇಲ್ಲ, ಅವಳು ಎಣ್ಣೆ ಬಿಡುವವಳು, ಹಾಗಾಗಿ ಅವಳು ಕೆಮ್ಮುತ್ತಿರಬೇಕು. ಒಂದು ಸದ್ದು ತಪ್ಪಿದರೆ ಎದೆ ನಿಲ್ಲುತ್ತದೆ. ಇದರಲ್ಲಿ ನನ್ನ ಮುಂದಿನ ರಸ್ತೆ ನೋಡಲು ಮರೆಯುತ್ತೇನೆ. ಒಂದು ದಿನ ಇದರಿಂದಲೇ ಸಾಯುತ್ತೇನೆ.

ಮಾರ್ಚ್ 22, ಶನಿವಾರ

ಸರ್ಕಲ್ಲಿನ ಕಟ್ಟಡದ ಗಡಿಯಾರದಲ್ಲಿ 6.41. ಅಲ್ಲಿಂದ ಗೇಟಿಗೆ ಹನ್ನೆರಡು ನಿಮಿಷ. ಬೇಕಾದಷ್ಟಿತ್ತು.

ಭೋಂ. ಕೈ ಮೇಲೆ, ಕಾಲು ಕೆಳಗೆ. ಸುತ್ತ ಬ್ರೇಕುಗಳು ಕಿರುಚಿದವು, ನಿಂತವು. ದಿನದ ಹಾಗೇ. ಹಿಂದಿನಿಂದ ಮೂರ್ಬೆರಳಮ್ಮ ಎಣಿಸಿದಳು, ಲಾಂಡ್ರಿಯಲ್ಲಿ ಎಣಿಸುವ ಹಾಗೆ, ರಾಗವಾಗಿ. ನಾನು ‘ಎಂಟು’ ಕಾಯುತ್ತಿದ್ದೆ.

“ಆರು!”

ತಿರುಗಿದೆ. ಗುಬ್ಬಿ ಇಲ್ಲ.

ಅವಳೂ ಕೈ ಎತ್ತಿದ್ದಳು. ಕಾಲು ನೆಲಕ್ಕೆ ಸಿಗಲಿಲ್ಲ. ಸೈಕಲ್ ಅವಳನ್ನು ಪಕ್ಕಕ್ಕೆ ಚೆಲ್ಲಿತ್ತು, ಒಂದು ಸಾಮಾನು ಸಾಗಿಸುವ ಲಾರಿಯ ಮೂತಿಯ ಕೆಳಗೆ. ಸೈಕಲ್ ಮೇಲೆ, ಅವಳು ಅಡಿಗೆ, ಒಂದು ಕಾಲು ಚೌಕಟ್ಟಿನೊಳಗೆ ಸಿಕ್ಕಿಕೊಂಡಿದೆ. ಲಾರಿಯ ಚಕ್ರ ಅವಳ ತಲೆಯಿಂದ ಎರಡು ಗೇಣು. ಅಷ್ಟು ಎತ್ತರದಲ್ಲಿ ಕೂತ ಡ್ರೈವರಿಗೆ ಅವಳು ಕಾಣುವುದಿಲ್ಲ. ಹಿಂದಿನವರು ಹಾರನ್ ಹೊಡೆಯುತ್ತಿದ್ದಾರೆ. ಅವನು ಗೇರ್ ಹಾಕಿದ ಸದ್ದು ಕೇಳಿಸಿತು.

ಸೈಕಲ್ ಬಿಸಾಡಿ ಆ ಲಾರಿಯ ಮುಂದೆ ಹೋಗಿ ನಿಂತೆ. ಕೈ ಮೇಲೇ ಇದ್ದವು. ಲಾರಿ ಒಂದು ಜಗ್ಗು ಜಗ್ಗಿತು, ನನ್ನ ಹೊಟ್ಟೆಗೆ ಅದರ ಬಿಸಿ ತಗುಲಿತು, ದೊಡ್ಡತ್ತೆಯ ಬಿಸಿಯ ಹಾಗೇ. ನಿಂತಿತು. ರೇಡಿಯೋ ಬಂದು ಒಂದು ಪಕ್ಕ ನಿಂತಳು, ಕೈ ಮೇಲೆ. ಮೂರ್ಬೆರಳಮ್ಮ ಒಂದು ಕೈ ಮೇಲೆ ಹಿಡಿದೇ ಇನ್ನೊಂದು ಕೈಯಲ್ಲಿ, ಆ ಮೂರು ಬೆರಳಲ್ಲಿ, ಗುಬ್ಬಿಯ ತೋಳು ಹಿಡಿದು ಎಳೆಯುತ್ತಿದ್ದಳು.

“ದಾರಿ ಬಿಡ್ರೇ!” “ಏಯ್, ಆಫೀಸಿದೆ!” “ಬೇರೆ ಜಾಗ ಸಿಗ್ಲಿಲ್ವಾ ನಾಟಕಕ್ಕೆ?” ಹಾರನ್ನು, ಹಾರನ್ನು. ಐದನೆಯ ಕಾರಿನಿಂದ ತಲೆ ಹೊರಗೆ ಹಾಕಿ ಒಬ್ಬ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ: “ನಂಗೆ ಲೇಟಾಗ್ತಿದೆ, ಸರಿಸ್ರೀ ಅವರನ್ನ!” ಬೂದು ಬಣ್ಣದ ಕಾರು. ಕೆಂಪುಪೆನ್ನು. ನನ್ನ ಕಣ್ಣೂ ಅವನ ಕಣ್ಣೂ ಕೂಡಿದವು. ಈ ಸಲ ನೋಡದ ಹಾಗೆ ಹೋಗಲು ಅವನಿಗೂ ದಾರಿ ಇರಲಿಲ್ಲ.

ನನಗೆ ಇತ್ತು. ನಿಜ ಬರೆಯಬೇಕು. ನನ್ನ ಮುಂದೆ ಗೇಟಿನ ಕಡೆಯ ರಸ್ತೆ ಪೂರಾ ಖಾಲಿ. ಗಡಿಯಾರದಲ್ಲಿ 6.45. ಆಗ ಹೊರಟಿದ್ದರೂ ಕಾರ್ಡ್ ಉಳಿಯುತ್ತಿತ್ತು. ಅದು ತಲೆಗೆ ಬಂತು, ಬರಲಿಲ್ಲ ಅಂದರೆ ಸುಳ್ಳು. ಮಣಿಕಟ್ಟಿನಲ್ಲಿ ಗುಬ್ಬಿಯ ಹಲ್ಲಿನ ಗುರುತು ಇನ್ನೂ ಇದೆ. ಹೋಗಲಿಲ್ಲ. ಧೈರ್ಯವಲ್ಲ. ಹೆದರಿಕೆಗೆ ಕಾಲು ಕಂಬವಾಗಿತ್ತು, ಅಷ್ಟೇ.

ಡ್ರೈವರ್ ಇಳಿದು ಬಂದ. ಕೆಳಗೆ ನೋಡಿದವನೇ ಬಿಳಿಚಿಕೊಂಡ. “ನಂಗೆ ಕಾಣ್ಲೇ ಇಲ್ಲ ತಾಯಿ... ಕಾಣ್ಲೇ ಇಲ್ಲ...” ಅವನೇ ಸೈಕಲ್ಲಿನ ಚೌಕಟ್ಟು ಬಗ್ಗಿಸಿ ಕಾಲು ಬಿಡಿಸಿದ. ಪಾಪ. ಅವನಿಗೂ ಎಲ್ಲೋ ಒಂದು ಗೇಟು, ಒಂದು ಪೆನ್ನು ಇರುತ್ತದೆ.

ಗುಬ್ಬಿಯನ್ನು ಹೊರಗೆ ಎಳೆದು ಕೂರಿಸಿದರು. ಹಣೆ ಸುಲಿದಿತ್ತು, ಪಾದ ಒಂದು ಪಕ್ಕ ಊದಿತ್ತು. ಅವಳು ಅಳಲಿಲ್ಲ. ಟಾರಿನ ಮೇಲೆ ಕೂತಲ್ಲೇ ಎರಡೂ ಕೈ ಮೇಲೆ ಎತ್ತಿದಳು.

“ಎಂಟು,” ಅಂದಳು ಮೂರ್ಬೆರಳಮ್ಮ.

ಆಗ ನಾನು ಕೈ ಇಳಿಸಿದೆ. ಆಗ ಸರ್ಕಲ್ಲಿನ ಗಾಡಿಗಳು ಮತ್ತೆ ತಿರುಗಿದವು.

ಗುಬ್ಬಿಯನ್ನು ನನ್ನ ಕ್ಯಾರಿಯರ್ ಮೇಲೆ ಕೂರಿಸಿ ತಳ್ಳಿಕೊಂಡು ಹೋದೆವು. ಬೂದು ಕಾರು ನಮ್ಮನ್ನು ದಾಟಿಕೊಂಡು ಹೋಯಿತು. ಗೇಟು ಮುಟ್ಟಿದಾಗ 7.24. ಅವನು ರಿಜಿಸ್ಟರ್ ತೆರೆದು ನಿಂತಿದ್ದ.

“ನಾಲ್ಕೂ ಜನಕ್ಕೆ ಮೂರನೇದು. ಸಹಿ ಹಾಕಿ. ಕಾರ್ಡ್ ಕೊಡಿ.”

“ಇವಳ ಕಾಲು ನೋಡಿ ಸಾರ್,” ಅಂದೆ.

“ನಾನೇನು ಡಾಕ್ಟ್ರಾ? ರೂಲ್ಸ್ ರೂಲ್ಸೇ.”

“ನೀವು ಐದನೇ ಕಾರಿನಲ್ಲಿದ್ರಿ. ನೋಡಿದ್ದೀರಿ.”

“ನಾನೇನೂ ನೋಡಿಲ್ಲ.”

ಗೇಟಿನ ಕಾವಲುಗಾರ ಅಜ್ಜ ತನ್ನ ಪುಸ್ತಕದಿಂದ ತಲೆ ಎತ್ತದೆ, “ಸಾರ್, ನಿಮ್ಮ ಕಾರು ಒಳಗೆ ಬಂದಿದ್ದು ಏಳೂ ಐದು. ಬರ್ಕೊಂಡಿದೀನಿ,” ಅಂದ.

ಅವನು ಪೆನ್ನನ್ನು ನನ್ನ ಮುಂದೆ ಚಾಚಿದ. ತೆಗೆದುಕೊಳ್ಳಬೇಕೆಂದೇ ಇದ್ದೆ ನಾನು, ಅಷ್ಟು ಹೆದರಿದ್ದೆ. ಆದರೆ ಕೈ ಮೇಲೆ ಹೋದವು. ಯಾವ ಭೋಂ ಕೂಡ ಆಗಿರಲಿಲ್ಲ. ನನ್ನ ಪಕ್ಕದಲ್ಲಿ ಎಂಟು ಬೆರಳಿನ ಎರಡು ಕೈ ಮೇಲೆ ಹೋದವು. ರೇಡಿಯೋದು. ಗುಬ್ಬಿಯದು, ಕ್ಯಾರಿಯರ್ ಮೇಲಿಂದ. ಒಗೆಯುವ ಕಡೆಯ ಹೆಂಗಸರು ಬಾಗಿಲಿಗೆ ಬಂದಿದ್ದರು. ಯಾಕೆ ಏನು ಅಂತ ಕೇಳದೆ ಅವರೂ ಎತ್ತಿದರು, ಸೋಪಿನ ನೊರೆಯ ಕೈ. ಒಳಗೆ ದೊಡ್ಡತ್ತೆ ತಣ್ಣಗೆ ಬಾಯಿ ಬಿಟ್ಟುಕೊಂಡು ನಿಂತಿತ್ತು. ಆಪರೇಷನ್ ಥಿಯೇಟರಿನಿಂದ ಫೋನು ಬಡಿದುಕೊಳ್ಳತೊಡಗಿತು, ಶೀಟು ಎಲ್ಲಿ, ಶೀಟು ಎಲ್ಲಿ ಅಂತ.

ಫೋನು ಒಂದು ಸಲ ಬಡಿದು ನಿಂತಿತು. ಮತ್ತೆ ಬಡಿಯಿತು.

“ಸಾಕು, ಕೈ ಇಳಿಸಿ. ಒಳಗೆ ಹೋಗಿ,” ಅಂದ ಅವನು. ಪೆನ್ನಿಗೆ ಮುಚ್ಚಳ ಹಾಕಿದ.

“ಇವಳನ್ನ ಮೊದ್ಲು ಡಾಕ್ಟ್ರಿಗೆ ತೋರಿಸಿ ಸಾರ್. ಆಮೇಲೆ ಇಳಿಸ್ತೀವಿ,” ಅಂದಳು ಮೂರ್ಬೆರಳಮ್ಮ.

ಚಕ್ರದ ಕುರ್ಚಿ ಬರಲು ಆರು ನಿಮಿಷ ಹಿಡಿಯಿತು. ಆರು ನಿಮಿಷ ಕೈ ಮೇಲೇ ಇದ್ದವು. ಈಗ ಭುಜ ಸಿಡಿಯುತ್ತಿದೆ. ಮುಂದೆ ಏನು ಕಾದಿದೆಯೋ, ಗುತ್ತಿಗೆದಾರ ಏನು ಹೇಳುತ್ತಾನೋ. ಕಾರ್ಡ್ ಜೇಬಿನಲ್ಲೇ ಇದೆ. ನಾಲ್ಕು ಸಲ ಮುಟ್ಟಿ ನೋಡಿದೆ.

ಮಾರ್ಚ್ 23, ಭಾನುವಾರ

ಗುಬ್ಬಿಯ ಮೂಳೆ ಮುರಿದಿಲ್ಲ. ಹತ್ತು ದಿನ ಕಾಲು ಊರಬಾರದಂತೆ. “ಹತ್ತು ದಿನ ಆದ್ಮೇಲೆ ಬರ್ತೀನಿ ಅಕ್ಕಾ, ನನ್ನ ಜಾಗ ಇರುತ್ತಲ್ಲ?” ಅಂದಳು. ಲಾಂಡ್ರಿಯ ಜಾಗ ಕೇಳಿದಳೋ, ನನ್ನ ಹಿಂದಿನ ಜಾಗ ಕೇಳಿದಳೋ. ಎರಡೂ ಇರುತ್ತೆ ಅಂದೆ.

ಬೆಳಿಗ್ಗೆಯಿಂದ ಮನೆಯ ಮುಂದೆ ಸೈಕಲ್ ಮೇಲೆ ಸೈಕಲ್. ಒಗೆಯುವ ಕಡೆಯ ಆರು ಜನ ಬಂದಿದ್ದಾರೆ, ಅವರಿಗೂ ಗೀಟು ಬಿದ್ದಿವೆ. “ಇದೇನೇ, ಮನೆಯಾ ಸೈಕಲ್ ಶಾಪಾ?” ಅಂತ ಗಂಡ ಗೊಣಗುತ್ತ ಒಂದೊಂದರ ಸೀಟು ಇಳಿಸುತ್ತಿದ್ದಾನೆ. ಗುಬ್ಬಿಯ ಭಾವನ ಸೈಕಲ್ಲಿನದು ಎಷ್ಟು ಇಳಿಸಿದರೂ ಇಳಿಯಲಿಲ್ಲ. ಗರಗಸದಿಂದ ಕೊಳವೆಯನ್ನೇ ನಾಲ್ಕು ಬೆರಳು ಕೊಯ್ದ. ಭಾವ ಬಂದು ಬೈದ. ಬೈಸಿಕೊಂಡೆ.

“ಹೆದರಿಕೆ ಹೋಯ್ತೇನೇ?” ಅಂದ ಗಂಡ.

“ಎಲ್ಲಿ ಹೋಗುತ್ತೆ. ನಾಳೆ ಅದೂ ಜೊತೆಗೆ ಬರುತ್ತೆ.”

ಸುಳ್ಳಲ್ಲ. ನಾಳೆ ಐದೂವರೆಗೆ ಹೊರಡಬೇಕು. ಒಬ್ಬೊಬ್ಬರನ್ನೇ ಕೂರಿಸಿ ಎರಡೂ ಪಾದ ನೆಲಕ್ಕೆ ತಾಗುತ್ತದಾ ಅಂತ ನನ್ನ ಕಣ್ಣಲ್ಲೇ ನೋಡಿದೆ. ನಾನು, ರೇಡಿಯೋ, ಮೂರ್ಬೆರಳಮ್ಮ ಸೇರಿ ಎಂಟು ಜನರ ಪಾದ ತಾಗಿದವು. ಒಗೆಯುವ ಕಡೆಯ ಉದ್ದ ಜಡೆಯವಳದು ಮಾತ್ರ ಹಿಮ್ಮಡಿ ಒಂದು ಬೆರಳು ಮೇಲೆ ನಿಲ್ಲುತ್ತಿದೆ. ಪರವಾಗಿಲ್ಲ ಅಕ್ಕಾ ಅಂದಳು. ಆಗಲ್ಲ ಅಂದೆ. ಬೆಳಿಗ್ಗೆ ಹೊರಡುವ ಮೊದಲು ಅದನ್ನು ಇಳಿಸಬೇಕು.

ನಾಳೆ ಹದಿನೆಂಟು ಕೈ.